ರೆಕಾರ್ಡ್ ಮಾಡಿದ್ದು ಯಾರ ಸ್ವತ್ತು?

ರಿಮೋಟಿನಲ್ಲಿ ಕೆಂಪು ಗುಂಡಿ ಇದ್ದರೆ ಕಾರ್ಯಕ್ರಮ ನಮ್ಮದಾಯಿತು ಎಂದುಕೊಳ್ಳುತ್ತೇವೆ. ನನ್ನ ತಕರಾರು ಇರುವುದೇ ಅಲ್ಲಿ. ಡಿಟಿಎಚ್ ಬಾಕ್ಸ್ ಬರೆದಿಟ್ಟುಕೊಳ್ಳುವ ಫೈಲು ಗೂಢಲಿಪಿಯಲ್ಲಿರುತ್ತದೆ, ಅದರ ಬೀಗದ ಕೈ ಆ ಬಾಕ್ಸಿಗೇ ಅಂಟಿಕೊಂಡಿರುತ್ತದೆ. ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಸಿಕ್ಕಿಸಿದರೆ ಏನೂ ಓದಲಾಗದು. ಪುಣೆಯ ನಮ್ಮ ಮನೆಯಲ್ಲಿ ಬಾಕ್ಸ್ ಕೆಟ್ಟಾಗ ಕಂಪನಿಯವರು ಹೊಸದು ಕೊಟ್ಟು ಹಳೆಯದನ್ನು ಒಯ್ದರು. ಅಮ್ಮ ಎರಡು ವರ್ಷ ಕೂಡಿಟ್ಟಿದ್ದ ಯಕ್ಷಗಾನ, ಕಛೇರಿಗಳೂ ಅದರ ಜೊತೆಗೇ ಹೋದವು. "ಕಪಾಟು ಕೆಟ್ಟರೆ ಒಳಗಿನ ಸೀರೆಯನ್ನೂ ಒಯ್ಯುತ್ತಾರೇನೋ?" ಎಂದರು ಅಮ್ಮ.

ಹಾಗಾಗಿ ಟಿವಿ ನೋಡಲು, ರೆಕಾರ್ಡ್ ಮಾಡಲು ಮನೆಯಲ್ಲೊಂದು ಸ್ವಂತ ಕಂಪ್ಯೂಟರ್ ಇರಬೇಕು ಎಂಬುದು ನನ್ನ ವಾದ. ಹೋಮ್ ಥಿಯೇಟರ್ ಪಿಸಿ ಎಂದರೆ ಗೇಮಿಂಗ್ ಯಂತ್ರವಲ್ಲ. 15 ವ್ಯಾಟ್ ಎಳೆಯುವ ಪುಟ್ಟ ಕಂಪ್ಯೂಟರ್ ದಿನವಿಡೀ ಓಡಿದರೂ ತಿಂಗಳಿಗೆ ಹನ್ನೊಂದು ಯೂನಿಟ್ ದಾಟದು. ಅದಕ್ಕೊಂದು ಡಿವಿಬಿ-ಎಸ್2 ಟ್ಯೂನರ್, ಒಂದು ಹಾರ್ಡ್ ಡಿಸ್ಕ್. ಸಂಕೇತ ಹಿಡಿದು ಬರೆದಿಡುವ ಕೆಲಸ ಟಿವಿಹೆಡೆಂಡ್ ಎಂಬ ಉಚಿತ ತಂತ್ರಾಂಶದ್ದು, ಪರದೆಗೆ ತರುವ ಕೆಲಸ ಕೋಡಿಯದ್ದು. ಮೈಕ್ರೋಸಾಫ್ಟಿನ ಮೀಡಿಯಾ ಸೆಂಟರ್ ನೆಚ್ಚಿಕೊಂಡಿದ್ದವರನ್ನು 2015ರಲ್ಲಿ ವಿಂಡೋಸ್ 10 ನಡುದಾರಿಯಲ್ಲಿ ಬಿಟ್ಟಿತು. ಆದ್ದರಿಂದ ಒಂದೇ ಕಂಪನಿಯ ಕೈಯಲ್ಲಿರುವ ತಂತ್ರಾಂಶ ಈ ಕೆಲಸಕ್ಕೆ ಬೇಡ.

ಹೀಗೆ ಹಿಡಿಯಲು ಸಿಗುವುದೇನು? ಹಣ ಕೊಟ್ಟು ನೋಡುವ ಚಾನೆಲ್‌ಗಳು ಸಿಗುವುದಿಲ್ಲ, ಅವಕ್ಕೆ ಬೀಗ ಹಾಕಿದೆ. ಡಿಡಿ ಫ್ರೀ ಡಿಶ್ ಸಿಗುತ್ತದೆ, ಅದರಲ್ಲಿ ಚಂದನವೂ ಇದೆ. ಉಪಗ್ರಹದ ಸೌಜನ್ಯ ನೋಡಿ: ಬೆಂಗಳೂರಿನ ಮನೆಗೆ ಬೀಳುವ ಸಂಕೇತವೇ ದೆಹಲಿಯ ಬಾಲ್ಕನಿಗೂ ಬೀಳುತ್ತದೆ, ಅದೂ ಮಾಸಿಕ ಶುಲ್ಕವಿಲ್ಲದೆ. ಕೇಬಲ್‌ನವನ ಹತ್ತಿರ ಕನ್ನಡ ಚಾನೆಲ್ ಹಾಕಪ್ಪಾ ಎಂದು ಗೋಗರೆದವರಿಗೆ ಇದರ ಬೆಲೆ ಗೊತ್ತು. ಒಂದು ಚಾನೆಲ್ ಸೆಕೆಂಡಿಗೆ 3 ಮೆಗಾಬಿಟ್ ಕಳಿಸುತ್ತದೆ ಎಂದಿಟ್ಟುಕೊಂಡರೆ ಗಂಟೆಗೆ ಸುಮಾರು 1.35 ಜಿಬಿ ಆಯಿತು. 1 ಟಿಬಿ ಡಿಸ್ಕಿನಲ್ಲಿ ಏಳುನೂರು ಗಂಟೆಗೂ ಮೀರಿ ಹಿಡಿಸುತ್ತದೆ. ಒಂದೇ ಟ್ರಾನ್ಸ್‌ಪಾಂಡರಿನಲ್ಲಿರುವ ಚಾನೆಲ್‌ಗಳಾದರೆ ಒಂದು ಟ್ಯೂನರಿನಲ್ಲೇ ಹಲವನ್ನು ಒಟ್ಟಿಗೆ ಹಿಡಿಯಬಹುದು. ಮುಂಬೈಯ ಜುಲೈ ಮಳೆಯಲ್ಲಿ ಮಾತ್ರ ಕೆಯು ಬ್ಯಾಂಡ್ ಸಂಕೇತ ಸೊರಗುತ್ತದೆ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಅದಕ್ಕೆ ಕಂಪ್ಯೂಟರಿನಲ್ಲಿ ಮದ್ದಿಲ್ಲ.

ಚಂದನ ಒಂದಕ್ಕಾಗಿ ಇಷ್ಟೆಲ್ಲ ಬೇಕೇ, ಯೂಟ್ಯೂಬ್ ಇದೆಯಲ್ಲ ಎನ್ನುತ್ತೀರಿ. ಇದೆ, ನಾನೂ ನೋಡುತ್ತೇನೆ. ಆದರೆ ಯಾರೋ ಏರಿಸಿದ್ದನ್ನು ಅವರೇ ಇಳಿಸಬಹುದು. ಬೆಂಗಳೂರು ದೂರದರ್ಶನ ಶುರುವಾದದ್ದು 1983ರಲ್ಲಿ, 'ಥಟ್ ಅಂತ ಹೇಳಿ' 2002ರಲ್ಲಿ. ನಲವತ್ತು ವರ್ಷದ ಆ ನಾಟಕ, ಸಂದರ್ಶನ, ಕೃಷಿ ಕಾರ್ಯಕ್ರಮಗಳ ಪೈಕಿ ನಿಮಗೆ ಬೇಕಾದ ಒಂದನ್ನು ಇವತ್ತು ಹುಡುಕಿ ನೋಡಿ, ಆಮೇಲೆ ಮಾತಾಡೋಣ. ಪ್ರಸಾರ ಸಂಸ್ಥೆಗಳು ಎಲ್ಲವನ್ನೂ ಕಾಪಾಡುತ್ತವೆ ಎಂದು ಕುಳಿತರೆ ಏನಾಗುತ್ತದೆಂದು ಬಿಬಿಸಿಯನ್ನು ಕೇಳಬೇಕು. ಟೇಪ್ ಅಳಿಸಿ ಮರುಬಳಸಿ ಅದು 'ಡಾಕ್ಟರ್ ಹೂ' ಧಾರಾವಾಹಿಯ ಹತ್ತಾರು ಕಂತುಗಳನ್ನು ಕಳೆದುಕೊಂಡಿತು. ಅವುಗಳ ಧ್ವನಿಯಾದರೂ ಉಳಿದದ್ದು ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಅಭಿಮಾನಿಗಳಿಂದ. ಫಿಲಡೆಲ್ಫಿಯಾದ ಮರಿಯನ್ ಸ್ಟೋಕ್ಸ್ 2012ರಲ್ಲಿ ತೀರಿಕೊಳ್ಳುವವರೆಗೂ ಮೂರು ದಶಕಕ್ಕೂ ಹೆಚ್ಚು ಕಾಲ ಟಿವಿ ಸುದ್ದಿಯನ್ನು ಹಗಲೂ ರಾತ್ರಿ ಟೇಪಿಗಿಳಿಸಿದರು. ಸುಮಾರು 70 ಸಾವಿರ ಟೇಪು! ಹುಚ್ಚೆಂದು ನಕ್ಕವರಿದ್ದಿರಬಹುದು, ಆ ರಾಶಿ ಈಗ ಇಂಟರ್ನೆಟ್ ಆರ್ಕೈವ್‌ನ ಆಸ್ತಿ.

ಕಾನೂನಿನ ಅಂಜಿಕೆ ಇರುವವರಿಗೆ ಒಂದು ಮಾತು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 39ನೇ ಕಲಮಿನ ಪ್ರಕಾರ, ಸ್ವಂತ ಬಳಕೆಗಾಗಿ ಮಾಡಿಕೊಂಡ ಧ್ವನಿ ಅಥವಾ ದೃಶ್ಯ ಮುದ್ರಣದಿಂದ ಪ್ರಸಾರಕರ ಹಕ್ಕಿಗೆ ಧಕ್ಕೆಯಾಗುವುದಿಲ್ಲ. ವಾಟ್ಸಾಪ್ ಗುಂಪಿಗೆ ಹಂಚುವುದು, ಮಾರುವುದು ಬೇರೆ ಮಾತು, ಅದನ್ನು ನಾನು ಸಮರ್ಥಿಸುತ್ತಿಲ್ಲ. ಅಮೆರಿಕದಲ್ಲಿ ಸೋನಿಯ ಬೀಟಾಮ್ಯಾಕ್ಸ್ ಮೊಕದ್ದಮೆ 1984ರಲ್ಲಿ 5-4ರಲ್ಲಿ ತೀರ್ಮಾನವಾಗಿ, ಮನೆಯವರು ಆಮೇಲೆ ನೋಡಲೆಂದು ಮುದ್ರಿಸಿಕೊಳ್ಳುವುದು ತಪ್ಪಲ್ಲ ಎಂದಾಯಿತು. ಹೀಗೆ ಕಾನೂನು ಬಿಟ್ಟದ್ದನ್ನು ಬಾಕ್ಸು ಬಿಡುತ್ತಿಲ್ಲ. ಯಾವ ಕಂಪನಿಗಾದರೂ ಹೊಂದುವ ಸೆಟ್‌ಟಾಪ್ ಬಾಕ್ಸ್ ಬೇಕೆಂದು ಟ್ರಾಯ್ 2020ರಲ್ಲೇ ಶಿಫಾರಸು ಮಾಡಿತ್ತು. ನನ್ನನ್ನು ಕೇಳಿದರೆ ಅದು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕಿತ್ತು: ಹಣ ಕೊಟ್ಟ ಚಂದಾದಾರರ ರೆಕಾರ್ಡಿಂಗ್, ಬಾಕ್ಸ್ ಬದಲಾದರೂ ಅವರ ಕೈಯಲ್ಲೇ ಉಳಿಯಬೇಕು.

ಕಷ್ಟಗಳಿವೆ. ವಾರಾಂತ್ಯ ಎರಡಾದರೂ ಹೋಗುತ್ತದೆ. ಕಾರ್ಯಕ್ರಮಪಟ್ಟಿಯನ್ನು ನೆಚ್ಚಿಕೊಳ್ಳದೆ, ಮುಂಚೆ ಐದು ನಿಮಿಷ, ಆಮೇಲೆ ಹತ್ತು ನಿಮಿಷ ಸೇರಿಸಿ ಸಮಯ ಕಟ್ಟಬೇಕು. ಎಲ್ಲಕ್ಕಿಂತ ಮುಖ್ಯ, ಊರಿಂದ ಬಂದ ಅತ್ತೆಯವರು ಯಾರನ್ನೂ ಕೂಗದೆ ಒಂದೇ ರಿಮೋಟಿನಲ್ಲಿ ನೋಡುವಂತಿರಬೇಕು. ಕೀಬೋರ್ಡ್ ಕೊಟ್ಟರೆ ಅವರು ಮುಟ್ಟುವುದಿಲ್ಲ. ಇನ್ನು ಟ್ಯೂನರ್ ಕೊಳ್ಳುವ ಮುಂಚೆ ನಿಮ್ಮ ಬಾಲ್ಕನಿಯಿಂದ ಆಗ್ನೇಯಕ್ಕೆ ನೋಡಿ. ಎದುರಿಗೆ ಇಪ್ಪತ್ತು ಮಹಡಿಯ ಟವರ್ ನಿಂತಿದ್ದರೆ ತಾರಸಿಯಲ್ಲಿ ಡಿಶ್ ಇಡಲು ಸೊಸೈಟಿಯ ಸೆಕ್ರೆಟರಿಯನ್ನು ಒಪ್ಪಿಸಬೇಕಾಗುತ್ತದೆ, ಲಿನಕ್ಸ್ ಕಲಿಯುವುದು ಅದಕ್ಕಿಂತ ಸುಲಭ.