ಬಟ್ಟೆ ಮಗುಚಿ ನೋಡದೆ ಮಳಿಗೆ ಹಂಚಬೇಡಿ

ಗಾಂಧಿ ಶಿಲ್ಪ ಬಜಾರ್‌ನಂಥ ಸರ್ಕಾರಿ ಮೇಳಗಳಲ್ಲಿ ಮಳಿಗೆ ಬೇಕೆಂದರೆ ಕುಶಲಕರ್ಮಿಗಳು ಈಗ ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅರ್ಜಿ, ಆಯ್ಕೆ, ಮಳಿಗೆ ಹಂಚಿಕೆ ಎಲ್ಲವೂ ಕಂಪ್ಯೂಟರಿನಲ್ಲೇ ಮುಗಿಯುತ್ತದೆ, ನಡುವೆ ಮನುಷ್ಯರ ಹಸ್ತಕ್ಷೇಪವೇ ಇಲ್ಲ ಎಂದು ಸರ್ಕಾರ ಹೆಮ್ಮೆಯಿಂದ ಹೇಳಿಕೊಂಡಿದೆ. ನನ್ನ ತಕರಾರು ಇರುವುದು ಆ ಹೆಮ್ಮೆಯ ಬಗ್ಗೆಯೇ. ಕೈಯಿಂದ ಮಾಡಿದ ವಸ್ತುವನ್ನು ಕೈಯಲ್ಲಿ ಹಿಡಿದು ನೋಡದೆ ಆರಿಸುವುದು ಆಯ್ಕೆಯೇ ಅಲ್ಲ.

ಈ ಏರ್ಪಾಡು ಬಂದದ್ದಕ್ಕೆ ಕಾರಣವಿದೆ. ಕಚೇರಿಯಲ್ಲಿ ಪರಿಚಯವಿದ್ದವರಿಗೇ ಮಳಿಗೆ, ವರ್ಷ ವರ್ಷವೂ ಅವೇ ಮುಖಗಳು, ದೂರದ ಹಳ್ಳಿಯವರು ಅರ್ಜಿ ಕೊಟ್ಟು ಕಾಯುವುದೇ ಬಂತು ಎಂಬ ದೂರು ಬಹಳ ಹಳೆಯದು. ಅಂಥ ಕಚೇರಿಯ ಬಾಗಿಲಲ್ಲಿ ನಿಂತು ಬೇಸತ್ತವರಿಗೆ ಯಂತ್ರ ನ್ಯಾಯವಂತನಂತೆ ಕಂಡರೆ ತಪ್ಪಲ್ಲ. ಆದರೆ ಪಕ್ಷಪಾತ ಮಾಡುವ ಅಧಿಕಾರಿಯ ಜೊತೆಗೆ ಕೆಲಸ ಬಲ್ಲ ಪರೀಕ್ಷಕರನ್ನೂ ಹೊರಗಟ್ಟಿದ್ದೇವೆ. ಯಂತ್ರಕ್ಕೆ ಯಾರ ಮೇಲೂ ಮೋಹವಿಲ್ಲ, ನಿಜ. ಅಸಲಿ ಯಾವುದು, ನಕಲಿ ಯಾವುದು ಎಂಬುದೂ ಅದಕ್ಕೆ ಗೊತ್ತಾಗುವುದಿಲ್ಲ.

ಧಾರವಾಡದ ಕಸೂತಿಯನ್ನೇ ನೋಡಿ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಮುಂಬದಿಗೂ ಹಿಂಬದಿಗೂ ವ್ಯತ್ಯಾಸವಿರುವುದಿಲ್ಲ. ಎಳೆ ಎಣಿಸಿಕೊಂಡು ಹೋದ ಸೂಜಿ ಅದೇ ದಾರಿಯಲ್ಲಿ ಹಿಂತಿರುಗಿ, ಬಿಟ್ಟ ಜಾಗವನ್ನು ತುಂಬುತ್ತಾ ಬರುತ್ತದೆ. ಗಂಟು ಹಾಕುವಂತಿಲ್ಲ, ದಾರದ ತುದಿ ಎಲ್ಲೂ ಕಾಣುವಂತಿಲ್ಲ. ಒಂದು ಗೋಪುರವನ್ನೋ ತೇರನ್ನೋ ಹೀಗೆ ಮೂಡಿಸಬೇಕಾದರೆ ಹೋಗುವ ದಾರಿ, ಬರುವ ದಾರಿ ಎರಡನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕಿಟ್ಟುಕೊಂಡಿರಬೇಕು. ಎಲ್ಲೋ ಒಂದು ಎಳೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬೇಕು. ಮೆಷಿನ್‌ನಲ್ಲಿ ಹಾಕಿದ ಕಸೂತಿ ಮುಂದಿನಿಂದ ಹೆಚ್ಚು ಕಡಿಮೆ ಹೀಗೇ ಕಾಣುತ್ತದೆ. ಮಗುಚಿದರೆ ಬಾಬಿನ್ ದಾರ ಎದ್ದು ಕಾಣುತ್ತದೆ, ಗುಟ್ಟು ಅಲ್ಲೇ ಬಯಲಾಗುತ್ತದೆ. ಕಸೂತಿ ಬಲ್ಲ ಹೆಂಗಸಿನ ಕೈಗೆ ಇಳಕಲ್ ಸೀರೆ ಕೊಟ್ಟರೆ ಆಕೆ ಮೊದಲು ಮಾಡುವ ಕೆಲಸವೇ ಸೆರಗು ಮಗುಚಿ ನೋಡುವುದು. ಆ ಪರೀಕ್ಷೆಗೆ ಅರೆ ನಿಮಿಷ ಸಾಕು. ಕಂಪ್ಯೂಟರಿನಲ್ಲೇ ಮುಗಿಯುವ ಆಯ್ಕೆಯಲ್ಲಿ ಮಾತ್ರ ಆ ಅವಕಾಶವಿಲ್ಲ.

ಬಿದ್ರಿ ಲೋಹಕಲೆಯದೂ ಇದೇ ಕಥೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಸುಮ್ಮನೆ ಕಪ್ಪು ಬಣ್ಣ ಬಳಿದ ಹೂದಾನಿಯೂ ಒಳ್ಳೆಯ ಬೆಳಕಿನಲ್ಲಿ ತೆಗೆದ ಫೋಟೊದಲ್ಲಿ ಅದರ ಪಕ್ಕ ಧೈರ್ಯವಾಗಿ ನಿಲ್ಲಬಲ್ಲದು. ಚನ್ನಪಟ್ಟಣದಲ್ಲಿ ತಿರುಗುವ ಹಾಲೆಮರಕ್ಕೆ ಅರಗಿನ ಕಡ್ಡಿ ಒತ್ತಿ, ಆ ತಿಕ್ಕಾಟದ ಬಿಸಿಗೇ ಕರಗಿಸಿ ಬಣ್ಣ ಹಿಡಿಸುತ್ತಾರೆ. ಅದಕ್ಕೂ ಸ್ಪ್ರೇ ಪೇಂಟಿಗೂ ಇರುವ ಅಂತರ ಬೆರಳಿಗೆ ತಿಳಿಯುತ್ತದೆ, ಪರದೆಯ ಮೇಲೆ ಕಾಣುವುದಿಲ್ಲ.

ಗುರುತಿನ ಚೀಟಿ ಇದೆಯಲ್ಲ ಎಂದು ಅಧಿಕಾರಿಗಳು ಹೇಳಬಹುದು. 2016ರಿಂದ ಕೊಡುತ್ತಿರುವ ಪೆಹಚಾನ್ ಕಾರ್ಡ್ ಆಧಾರ್‌ಗೆ ಜೋಡಣೆಯಾಗಿದೆ, ಸರಿ. ಅದು ಹೇಳುವುದು ಅರ್ಜಿದಾರ ಯಾರು ಎಂಬುದನ್ನು ಮಾತ್ರ. ಅವನ ಮೇಜಿನ ಮೇಲಿರುವ ಮಾಲು ಎಲ್ಲಿಂದ ಬಂತೆಂದು ಹೇಳುವುದಿಲ್ಲ. ವ್ಯಾಪಾರಿಗಳು ಕುಶಲಕರ್ಮಿಯ ಕೈಗೆ ಒಂದಷ್ಟು ದುಡ್ಡಿಟ್ಟು ಅವನ ಕಾರ್ಡಿನ ಮೇಲೆ ಮಳಿಗೆ ಹಿಡಿಯುತ್ತಾರೆ ಎಂಬುದು ಮೇಳಗಳಲ್ಲಿ ಕೂತವರೇ ಆಡುವ ಮಾತು. ಈ ಕಾರ್ಡಿಗೆ ಮಳಿಗೆಯಾಚೆಗೂ ಬೆಲೆಯಿದೆ. 2020ರ ಆಟಿಕೆ ಗುಣಮಟ್ಟ ಆದೇಶ ಐಎಸ್‌ಐ ಗುರುತನ್ನು ಕಡ್ಡಾಯ ಮಾಡಿದಾಗ, ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಪಡೆದ ಆಟಿಕೆಗಳಿಗೂ ವಿನಾಯಿತಿ ಸಿಕ್ಕಿತು. ಅದು ನ್ಯಾಯವಾದ ವಿನಾಯಿತಿ. ವಿನಾಯಿತಿ ದೊಡ್ಡದಾದಷ್ಟೂ ಅದನ್ನು ಬಾಡಿಗೆಗೆ ಕೇಳುವವರೂ ಹೆಚ್ಚುತ್ತಾರೆ. ಭೌಗೋಳಿಕ ಗುರುತನ್ನು ದುರುಪಯೋಗ ಮಾಡಿಕೊಂಡರೆ 1999ರ ಕಾಯ್ದೆಯ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವಿದೆ, ಎರಡು ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ ಮಾಲನ್ನು ಮುಟ್ಟಿ ನೋಡಿ ದೂರು ಬರೆಯುವವರೇ ಮೇಳದಲ್ಲಿ ಇಲ್ಲದಿದ್ದರೆ ಕಾಯ್ದೆ ಪುಸ್ತಕದಲ್ಲೇ ಉಳಿಯುತ್ತದೆ.

ಹಾಗಾದರೆ ಆಯ್ಕೆ ಸಮಿತಿ ಬರಲಿ. ಸಮಿತಿಯಿಂದಲೇ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬಿಲ್ಲ. ಅಮೆರಿಕದ ಸಾಂಟಾ ಫೆಯಲ್ಲಿ 1922ರಲ್ಲಿ ಶುರುವಾದ ಮೂಲನಿವಾಸಿಗಳ ಕಲಾ ಸಂತೆಯಲ್ಲಿ ಪರಿಣತರ ಆಯ್ಕೆ ಸಮಿತಿ ಇದೆ. ದಶಕಗಳಿಂದ ಅಲ್ಲಿ ಕಾಯಂ ಜಾಗ ಹೊಂದಿದ್ದ ಹಿರಿಯರೂ ಎಲ್ಲರಂತೆ ಸಮಿತಿಯ ಮುಂದೆ ಬರಬೇಕೆಂಬ ನಿಯಮ 2018ರ ಸುಮಾರಿಗೆ ಬಂದಾಗ ದೊಡ್ಡ ಜಗಳವೇ ಆಯಿತು. ಬೇಸರಗೊಂಡವರು ಬೇರೆಯದೇ ಸಂತೆ ಕಟ್ಟಿಕೊಂಡರು. ಜೀವಮಾನವೆಲ್ಲ ಮಡಕೆ ಮಾಡಿದವರನ್ನು ನೀವು ಅರ್ಹರೋ ಅಲ್ಲವೋ ಎಂದು ಕೇಳಿದರೆ ನೋವಾಗದೆ ಇರುತ್ತದೆಯೇ? ನಮ್ಮಲ್ಲಿ ಇನ್ನೊಂದು ಅಪಾಯವೂ ಇದೆ. ಸಮಿತಿಯಲ್ಲಿ ನಗರದ ವಿನ್ಯಾಸಕಾರರೇ ತುಂಬಿಕೊಂಡರೆ ಕಿನ್ನಾಳದ ಮರದ ಗರುಡನ ಬೊಂಬೆಯ ಕೆಂಪು ಹಸಿರು ಅವರ ಕಣ್ಣಿಗೆ ತೀರಾ ಗಾಢವಾಗಿ ಕಂಡು, ತಿಳಿ ಬಣ್ಣ ಬಳಿಯಿರಿ ಎಂಬ ಸಲಹೆ ಬಂದೀತು. ಆ ಬೊಂಬೆ ಮಾಡುವ ಚಿತ್ರಗಾರರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಬಣ್ಣವನ್ನು ತಿದ್ದಲು ಯಾವ ಸಮಿತಿಗೂ ಹಕ್ಕಿಲ್ಲ. ಕೈಯಿಂದ ಮಾಡಿದ್ದೇ, ಇವರೇ ಮಾಡಿದ್ದೇ, ಚೆನ್ನಾಗಿ ಮಾಡಿದ್ದೇ, ಇಷ್ಟನ್ನು ಮಾತ್ರ ಸಮಿತಿ ನೋಡಲಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದೇ ಕಸುಬು ಮಾಡುವವರಿರಲಿ. ತೇರ್ಗಡೆಯಾದವರು ಮಳಿಗೆಗಳಿಗಿಂತ ಹೆಚ್ಚಿದ್ದರೆ ಆಗ ಬೇಕಾದರೆ ಕಂಪ್ಯೂಟರಿನಲ್ಲಿ ಲಾಟರಿ ಎತ್ತಲಿ. ಯಂತ್ರ ಬೇಕಾಗುವುದು ಆ ಹಂತದಲ್ಲಿ.

ಮಾಡಿದವರೇ ಮಳಿಗೆಯಲ್ಲಿ ಕೂರಬೇಕೆಂಬ ನಿಯಮ ತರುವಾಗಲೂ ಎಚ್ಚರ ಬೇಕು. ಸಂಡೂರಿನ ಲಂಬಾಣಿ ಕಸೂತಿ ಹಾಕುವ ತಾಯಂದಿರೆಲ್ಲ ಕೂಸು, ದನ, ಹೊಲ ಬಿಟ್ಟು ದೆಹಲಿಗೆ ಹೋಗಿ ದಿನಗಟ್ಟಲೆ ಕೂರಲಾರರು. ಅವರ ಪರವಾಗಿ ಸಂಘದವರು ಮಾರುವುದರಲ್ಲಿ ಮೋಸವೇನಿಲ್ಲ, ಪ್ರತಿ ತುಂಡಿನ ಮೇಲೆ ಹೊಲಿದವರ ಹೆಸರಿದ್ದು, ದುಡ್ಡು ಅವರ ಖಾತೆಗೇ ಹೋಗುವುದಾದರೆ. ಒಬ್ಬಂಟಿಯಾಗಿ ಬಂದವರು ಮಳಿಗೆಯಲ್ಲೇ ಕೆಲಸ ಮಾಡಿ ತೋರಿಸಲಿ. ಸೂಜಿ ಹಿಡಿಯಲು ಬಾರದವರ ಮೇಜಿನ ಮೇಲೆ ರಾಶಿ ಕಸೂತಿ ಇದ್ದರೆ ಮಳಿಗೆ ಅಂದೇ ರದ್ದಾಗಲಿ, ಕಾರ್ಡನ್ನೂ ಅಮಾನತಿನಲ್ಲಿಡಲಿ.

ಇದನ್ನೆಲ್ಲ ಕೇಳಿಸಿಕೊಳ್ಳುವವರಾದರೂ ಯಾರು? 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾದಾಗ ಅದರ ಚುಕ್ಕಾಣಿ ಹಿಡಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಕಸುಬಿನವರ ಅಹವಾಲು ಸರ್ಕಾರದ ಮೇಜಿಗೆ ತಲುಪಲು ಇದ್ದ ಆ ಮಂಡಳಿಯನ್ನು 2020ರ ಆಗಸ್ಟ್‌ನಲ್ಲಿ ರದ್ದು ಮಾಡಿದರು. ಕೋವಿಡ್ ಕಾಲದಲ್ಲಿ, ಮೇಳಗಳೇ ನಿಂತು ಹೋಗಿ ಒಲೆ ಉರಿಯದ ಮನೆಗಳ ಮೇಲೆ ಬಿದ್ದ ಏಟು ಅದು. ಅದರ ಜಾಗಕ್ಕೆ ಪೋರ್ಟಲ್ ಬರಲಾರದು. ಪೋರ್ಟಲ್‌ನಲ್ಲಿ ಅರ್ಜಿ ತುಂಬಬಹುದು, ಎದುರು ಕೂತು ವಾದ ಮಾಡಲಾಗದು.

ರಾಜ್ಯ ಸರ್ಕಾರ ದೆಹಲಿಯ ದಾರಿ ಕಾಯಬೇಕಿಲ್ಲ. ತಾನೇ ನಡೆಸುವ ಮೇಳಗಳಲ್ಲಿ ಈ ವರ್ಷವೇ ಶುರು ಮಾಡಬಹುದು. ಅರ್ಜಿ ಕನ್ನಡದಲ್ಲಿರಲಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಬರೆದುಕೊಳ್ಳಲಿ. ಫೋಟೊ ಬದಲು ಒಂದು ಮಾದರಿ ವಸ್ತುವನ್ನು ಅಲ್ಲೇ ತೆಗೆದುಕೊಂಡು, ಪರೀಕ್ಷೆ ಮುಗಿದ ಮೇಲೆ ರಸೀದಿ ನೋಡಿ ಹಿಂತಿರುಗಿಸಲಿ. ಆಯ್ಕೆಯಾಗದವರಿಗೆ ಕಾರಣವನ್ನು ಬರೆದು, ಪರೀಕ್ಷಿಸಿದವರ ಸಹಿ ಹಾಕಿ ಕಳಿಸಲಿ. ಒಪ್ಪದವರು ಅದೇ ವಸ್ತುವನ್ನು ಹಿಡಿದುಕೊಂಡು ಬಂದು ಸಮಿತಿಯ ಎದುರು ಕೂತು ಪ್ರಶ್ನಿಸಲು ಮೇಳಕ್ಕೆ ಮೊದಲೇ ಒಂದು ದಿನ ಗೊತ್ತುಮಾಡಲಿ.