ಗುರುಪೀಠಕ್ಕೆ ಸರ್ಕಾರದ ಮುದ್ರೆ ಬೇಡ: ಅಗಡಿಯಿಂದ ಖಂಡನಾ ಹೇಳಿಕೆ

ಅಗಡಿ (ತಾ. ಜಿ. ಹಾವೇರಿ)

ಟಿಬೆಟಿನ ಬೌದ್ಧ ಗುರುಗಳು ಯಾರಾಗಬೇಕೆಂದು ತೀರ್ಮಾನಿಸುವ ಅಧಿಕಾರ ತನ್ನದೇ ಎಂದು ಚೀನಾ ಸರ್ಕಾರ ಹಿಡಿದಿರುವ ಹಟವನ್ನು ನಮ್ಮ ಸಂಘವು ಒಕ್ಕೊರಲಿನಿಂದ, ತೀವ್ರವಾಗಿ ಖಂಡಿಸುತ್ತದೆ. ಈ ಬಗ್ಗೆ ಭಾರತ ಸರ್ಕಾರ ಇನ್ನಾದರೂ ಬಾಯಿ ತೆರೆಯಬೇಕೆಂದು ಆಗ್ರಹಿಸುತ್ತದೆ.

1995ರ ಮೇ 14ರಂದು ದಲೈ ಲಾಮಾ ಅವರು ಗೆಧುನ್ ಚೋಕಿ ನೈಮಾ ಎಂಬ ಬಾಲಕನನ್ನು ಟಿಬೆಟಿನ ಮತ್ತೊಬ್ಬ ಹಿರಿಯ ಗುರುವಾದ ಪಂಚೆನ್ ಲಾಮಾ ಎಂದು ಗುರುತಿಸಿದರು. ಮೂರೇ ದಿನಕ್ಕೆ, ಆರು ವರ್ಷದ ಆ ಮಗುವನ್ನು ಹೆತ್ತವರ ಸಮೇತ ಚೀನಾ ಅಧಿಕಾರಿಗಳು ಕರೆದೊಯ್ದರು. ಅಂದಿನಿಂದ ಹೊರಜಗತ್ತು ಅವರನ್ನು ಕಂಡಿಲ್ಲ. ಅದೇ ವರ್ಷ ಮತ್ತೊಬ್ಬ ಬಾಲಕನನ್ನು ಸರ್ಕಾರವೇ ಪೀಠಕ್ಕೆ ಕೂರಿಸಿತು. ಸರ್ಕಾರದ ಅನುಮೋದನೆ ಇಲ್ಲದೆ ಯಾವ ಲಾಮಾನ ಪುನರ್ಜನ್ಮವೂ ಸಿಂಧುವಲ್ಲ ಎಂದು 2007ರಲ್ಲಿ ಆದೇಶ ಹೊರಡಿಸಿತು. ಕರೆದೊಯ್ದ ಆ ಬಾಲಕ ಓದು ಮುಗಿಸಿ ಕೆಲಸದಲ್ಲಿದ್ದಾನೆ ಎಂದು 2020ರಲ್ಲಿ ಹೇಳಿತೇ ಹೊರತು ಒಂದು ಭಾವಚಿತ್ರವನ್ನೂ ತೋರಿಸಲಿಲ್ಲ. ತಮ್ಮ ಉತ್ತರಾಧಿಕಾರಿಯನ್ನು ಗುರುತಿಸುವ ಹಕ್ಕು ತಮ್ಮ ಗಾಡೆನ್ ಫೋಡ್ರಾಂಗ್ ಟ್ರಸ್ಟಿಗೆ ಮಾತ್ರ ಸೇರಿದ್ದೆಂದು 2025ರ ಜುಲೈ 2ರಂದು ದಲೈ ಲಾಮಾ ಸಾರಿದಾಗಲೂ, ಬೀಜಿಂಗ್‌ನ ಒಪ್ಪಿಗೆ ಬೇಕೇ ಬೇಕೆಂದು ಚೀನಾ ಪಟ್ಟು ಹಿಡಿಯಿತು.

ಅಗಡಿಯವರಿಗೆ ಟಿಬೆಟಿನ ಲ್ಹಾಸಾದ ಉಸಾಬರಿ ಏಕೆಂದು ಕೇಳಬಹುದು. ಹಾನಗಲ್ ದಾಟಿದರೆ ಮುಂಡಗೋಡ. 1966ರಲ್ಲಿ ಅಲ್ಲಿ ಟಿಬೆಟಿನ ನಿರಾಶ್ರಿತರ ವಸತಿ ಆರಂಭವಾಯಿತು. ಲ್ಹಾಸಾದ ಆಸುಪಾಸಿನಲ್ಲಿ 1409ರಲ್ಲಿ ಸ್ಥಾಪನೆಯಾದ ಗಾಂಡೆನ್, 1416ರ ಡ್ರೆಪುಂಗ್ ಮಠಗಳು ಇಂದು ಅದೇ ಮುಂಡಗೋಡದ ಗೋವಿನಜೋಳದ ಹೊಲಗಳ ನಡುವೆ ಉಸಿರಾಡುತ್ತಿವೆ. ಪಂಚೆನ್ ಲಾಮಾ ಅವರ ತಾಶಿ ಲ್ಹುನ್ಪೋ ಮಠವನ್ನು 1972ರಲ್ಲಿ ಬೈಲಕುಪ್ಪೆಯಲ್ಲಿ ಮತ್ತೆ ಕಟ್ಟಲಾಯಿತು. ಕಾಣೆಯಾದ ಮಗುವಿಗಾಗಿ ಕಾದಿರುವ ಪೀಠ ಕನ್ನಡದ ನೆಲದಲ್ಲಿದೆ.

ಮಠಕ್ಕೆ ಮರಿ (ಉತ್ತರಾಧಿಕಾರಿ) ಮಾಡುವುದೆಂದರೆ ಏನೆಂದು ನಮಗೆ ಗೊತ್ತು. ಗುರುಗಳು, ಭಕ್ತರು, ಮಗುವಿನ ಮನೆಯವರು ಕೂಡಿ ಮಾಡುವ ಕೆಲಸವದು. ಶಿಶುನಾಳದ ಶರೀಫರನ್ನು ಕಳಸದ ಗೋವಿಂದಭಟ್ಟರು ಶಿಷ್ಯನಾಗಿ ಒಪ್ಪಿಕೊಂಡಾಗ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಶೇಷಾಚಲ ಸದ್ಗುರುಗಳ ಆನಂದವನ ಇರುವ, 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ಹೊರಟ ಈ ಊರಿನವರಾದ ನಮಗೆ, ಗುರುಶಿಷ್ಯರ ನಡುವೆ ಅಧಿಕಾರಿಯೊಬ್ಬ ಬಂದು ಕೂರುವುದು ಸಹಿಸಲಾಗದ ಅನ್ಯಾಯ.

ನಂಬಿಕೆ, ಆಚರಣೆಗಳ ವಿಷಯದಲ್ಲಿ ಸರ್ಕಾರ ಯಾವ ನಿಲುವನ್ನೂ ತಾಳುವುದಿಲ್ಲ ಎಂದು ನಮ್ಮ ವಿದೇಶಾಂಗ ಸಚಿವಾಲಯ 2025ರ ಜುಲೈ 4ರಂದು ಹೇಳಿತು. ಮುಂದಿನ ದಲೈ ಲಾಮಾ ಯಾರೆಂದು ದೆಹಲಿ ಹೇಳಬೇಕಿಲ್ಲ, ನಿಜ. ಆದರೆ ಬೀಜಿಂಗ್ ಕೂಡ ಹೇಳುವಂತಿಲ್ಲ ಎನ್ನುವುದಕ್ಕೆ ಹಿಂಜರಿಕೆ ಏಕೆ?

ನೆರವಿನ ಮಾತೂ ಇದೆ. 2025ರ ಆರಂಭದಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಟಿಬೆಟಿಯನ್ ವಸತಿಗಳ ಆರೋಗ್ಯ, ಶಿಕ್ಷಣದ ಕೆಲಸಗಳಿಗೆ ಪೆಟ್ಟು ಬಿತ್ತು. ಆಶ್ರಯ ಬೇಡಿ ಬಂದವರ ಬದುಕು ದೂರದ ದೇಶದ ಚುನಾವಣೆಯ ಮೇಲೆ ತೂಗಾಡಬಾರದು.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

1. ಚೀನಾ ಸರ್ಕಾರವು ಪಂಚೆನ್ ಲಾಮಾ ಎಲ್ಲಿದ್ದಾರೆ, ಹೇಗಿದ್ದಾರೆ ಎಂಬುದನ್ನು ಪುರಾವೆ ಸಮೇತ ತಿಳಿಸಬೇಕು. 2007ರ ಆದೇಶವನ್ನು ಹಿಂಪಡೆಯಬೇಕು.

2. ಗುರುಗಳ ಆಯ್ಕೆ ಟಿಬೆಟಿನ ಬೌದ್ಧರಿಗೇ ಸೇರಿದ್ದೆಂದು ಭಾರತ ಸರ್ಕಾರ ಸ್ಪಷ್ಟವಾಗಿ ಘೋಷಿಸಿ, ಚೀನಾದೊಂದಿಗಿನ ಮಾತುಕತೆಯಲ್ಲಿ ಎತ್ತಬೇಕು.

3. ಟಿಬೆಟಿಯನ್ ವಸತಿಗಳಿಗೆ ಕೇಂದ್ರದ ಅನುದಾನ ನಿಲ್ಲಬಾರದು. 2014ರ ಟಿಬೆಟಿಯನ್ ಪುನರ್ವಸತಿ ನೀತಿಯನ್ನು ಕೇಂದ್ರ, ರಾಜ್ಯಗಳೆರಡೂ ಪೂರ್ತಿಯಾಗಿ ಜಾರಿಗೊಳಿಸಬೇಕು.

4. ಧರ್ಮಸ್ವಾತಂತ್ರ್ಯದ ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕು. ಕಾಬೂಲಿನ ಗುರುದ್ವಾರ, ಬಾಂಗ್ಲಾದೇಶದ ದೇವಸ್ಥಾನ, ಷಿನ್‌ಜಿಯಾಂಗ್‌ನ ಮಸೀದಿ, ಕೊಲಂಬೊದ ಚರ್ಚು ಯಾವುದರ ಮೇಲೆ ಕೈ ಎತ್ತಿದರೂ ಭಾರತದ ದನಿ ಒಂದೇ ಆಗಿರಲಿ. ಆ ದನಿಗೆ ತೂಕ ಬರಲು ನಮ್ಮೂರುಗಳಲ್ಲೂ ಪ್ರತಿಯೊಬ್ಬರ ಪೂಜೆ, ಪ್ರಾರ್ಥನೆಗೆ ರಕ್ಷಣೆ ಸಿಗಲಿ.

ಈ ಹೇಳಿಕೆಯನ್ನು ಹಾವೇರಿ ಜಿಲ್ಲಾಧಿಕಾರಿಗಳ ಮೂಲಕ ವಿದೇಶಾಂಗ ಸಚಿವಾಲಯಕ್ಕೆ ಕಳಿಸುತ್ತಿದ್ದೇವೆ. ಒಂದು ಪ್ರತಿಯನ್ನು ಮುಂಡಗೋಡದ ವಸತಿಯ ಹಿರಿಯರ ಕೈಗೆ ನಾವೇ ಹೋಗಿ ಕೊಡುತ್ತೇವೆ. ನೆರೆಯವರ ದುಃಖದಲ್ಲಿ ನಾವಿದ್ದೇವೆ ಎಂಬುದನ್ನು ಅವರು ನಮ್ಮ ಬಾಯಿಂದಲೇ ಕೇಳಲಿ.

ಅಧ್ಯಕ್ಷರು, ಕಾರ್ಯದರ್ಶಿ ಹಾಗೂ ಸರ್ವ ಸದಸ್ಯರು
ಅಗಡಿ