ಮಿತವ್ಯಯದ ಸಫಾರಿ: ನಮ್ಮ ಪಟ್ಟಣಗಳ ಪಾಲೆಷ್ಟು?

ಕೀನ್ಯಾದ ಮಸಾಯಿ ಮಾರಾದಲ್ಲಿ ವಿದೇಶಿ ಪ್ರವಾಸಿಗೆ ಜುಲೈನಿಂದ ಡಿಸೆಂಬರ್‌ವರೆಗೆ ಪ್ರವೇಶ ಶುಲ್ಕವೇ ದಿನಕ್ಕೆ 200 ಡಾಲರ್. ಮಧ್ಯಮ ವರ್ಗದ ಕುಟುಂಬಕ್ಕೆ ಎಟುಕುವುದು ಬಂಡೀಪುರದ ಅರಣ್ಯ ಇಲಾಖೆಯ ಸಫಾರಿ ಬಸ್ಸು. ಆದರೆ ಮೈಸೂರಿನಿಂದ ಅಲ್ಲಿಗೆ ಹೊರಟವರು ನಂಜನಗೂಡನ್ನು ಹಾದುಹೋಗುತ್ತಾರೆಯೇ ಹೊರತು ತಂಗುವುದು ವಿರಳ.

ಹುಲಿ ದಾಳಿಗೆ ರೈತರು ಬಲಿಯಾದುದರಿಂದ 2025ರ ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ಸ್ಥಗಿತಗೊಳಿಸಿತು. ಜನರ ಪ್ರಾಣದ ಮುಂದೆ ವ್ಯಾಪಾರದ ನಷ್ಟ ದೊಡ್ಡದಲ್ಲ. ಆದರೆ ಕಾಡೊಂದನ್ನೇ ನಂಬಿದ ವಹಿವಾಟಿನ ಅಪಾಯ ಅಂದು ಸ್ಪಷ್ಟವಾಯಿತು.

ನಂಜುಂಡೇಶ್ವರನ ದೇಗುಲ, ತಿ. ನರಸೀಪುರ ತಾಲ್ಲೂಕಿನ ತಲಕಾಡು, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರ, ಇವುಗಳನ್ನು ಸಫಾರಿಯೊಂದಿಗೆ ಜೋಡಿಸಿ ಎರಡು ದಿನಗಳ ಪ್ರವಾಸ ರೂಪಿಸಬಹುದು. ಶುಚಿಯಾದ ಕೊಠಡಿ, ನಿಗದಿತ ದರ, ಸರಿಯಾದ ರಸೀದಿ ದೊರೆತರೆ ಪ್ರವಾಸಿ ತಂಗುತ್ತಾನೆ. ಸಫಾರಿ ನಿಂತ ದಿನವೂ ಜಮೆ ನಿಲ್ಲದು. ಉಭಯ ಪಟ್ಟಣಗಳ ವರ್ತಕರು ಒಗ್ಗೂಡಿ ಮುಂದಾಗಬೇಕು.